ಕೈ ಉರಿ

ಏಳು ತುಂಬಿದ ಮರುದಿನ
ಹಜರತಬಿ ನನ್ನ ಮುಂದಿನ ಮೆಣಸಿನಕಾಯಿ ರಾಶಿ
ತನ್ನ ಕಡೆ ಎಳಕೊಂಡ್ಲು.
"ಇವತ್ತಿಂದ ತೊಟ್ಟು ಮುರಿಯೂದು ಸಾಕು.
ಹೊಟ್ಟಿ ಸಲುವಾಗಿ ಅಲ್ಲ ಹುಚ್ಚಿ, ಕೈ ಸಲುವಾಗಿ.
ಈ ಉರಿ ಉಗುರಿನ ಬುಡ ಬಿಟ್ಟು ಹೋಗಾಕ
ತಿಂಗಳ ಮ್ಯಾಲ ಬೇಕು.
ಕೂಸಿನ ಕಣ್ಣು ಮೊದಲ ಸಲ ಒರಸಾಕಿ ಯಾರು? ನೀನ."

ಅಲ್ಲೀತನಕ ಹೆರಿಗಿ ಅಂದ್ರ ನನಗ
ಹೊಟ್ಟಿ ಮಾತಷ್ಟ ಆಗಿತ್ತು.

ಬ್ಯಾಡಗಿ ಪ್ಯಾಟಿ, ಫೆಬ್ರುವರಿ,
ಊರಿಗೆ ಊರ ಸೀನತಿತ್ತು.
ಕಿಲೋಕ್ಕಿಷ್ಟು ಲೆಕ್ಕದಾಗ ಎಂಟು ವರ್ಷ
ಕುಕ್ಕರಗಾಲಿಲೆ ಕುಂತಾಕಿ ನಾನು.
ದವಾಖಾನ್ಯಾಗ ಸಿಸ್ಟರ್ ಎಸ್ತೇರಮ್ಮ
ಕೂಡೂದು ಕಲಸ್ತೀನಿ ಅಂದಾಗ ನಗು ಬಂತು.
ಕುಂತು ತೋರಿಸಿದೆ.
"ಇದನ್ನ ನೀನ ನನಗ ಕಲಸು" ಅಂತ
ಮೊಣಕಾಲು ಹಿಡಕೊಂಡು ಎದ್ಲು.

ಉಸರು ಮಾತ್ರ ಆಕೀನ ಕಲಿಸಿದ್ಲು.
ಒಂದು, ಎರಡು, ಮೂರು ಒಳಗ;
ದೀಪ ಆರಿಸಿದಂಗ ಅಲ್ಲ, ಬಿಸಿ ಚಾ ಆರಿಸಿದಂಗ ಹೊರಗ.
ರಾತ್ರಿ ಗ್ವಾಡಿಗೆ ಬೆನ್ನು ಕೊಟ್ಟು ಊದತಿದ್ದೆ.
ಹಮಾಲಿ ಮಾಡಿ ದಣದು ಬಂದ ಗುಡ್ಡಪ್ಪ
ತಾನೂ ಊದತಾ ಊದತಾ
ನನಗಿಂತ ಮೊದಲ ನಿದ್ದಿ ಹೋಗತಿದ್ದ.

ಅವನ ಅಕ್ಕ ಹುಬ್ಬಳ್ಳಿಯಿಂದ ಫೋನ್ ಹಚ್ಚಿದ್ಲು:
ಬೆನ್ನಿಗೆ ಒಂದು ಸೂಜಿ ಮಾಡ್ತಾರ,
ಕೆಳಗ ಏನ ನಡದೈತಿ ಗೊತ್ತಾಗೂದಿಲ್ಲ.
ರೊಕ್ಕ ನಾ ಕೊಡ್ತೀನಿ, ಬಾ.
ಒಳ್ಳೇ ಮನಸ್ಸಿನಾಕಿ. ಬೈಯೂ ಮಾತಲ್ಲ ಅದು.
ನೋವು ಬೇಕು ಅಂತ ಯಾರು ಹರಕಿ ಹೊರತಾರ?
ಆದರ ಅದು ಬರೂ ಹೊತ್ತಿನ್ಯಾಗ
ನಾನೂ ಅಲ್ಲಿ ಇರಬೇಕು ಅನ್ನಿಸ್ತು. ಅಷ್ಟ.
ಆಕಿಗೆ ಇದನ್ನ ಹೆಂಗ ಹೇಳೂದು ತಿಳೀಲಿಲ್ಲ.
"ಬಸ್ಸಿನಾಗ ಕುಲಕತೈತಿ" ಅಂದೆ.

ಎರಡು ತಿಂಗಳು
ಕೈಗೆ ಕೊಬ್ಬರಿ ಎಣ್ಣಿ, ಮಜ್ಜಿಗಿ, ಬೆಲ್ಲದ ನೀರು,
ಹಜರತಬಿ ಹೇಳಿದ ಗೋದಿಹಿಟ್ಟಿನ ಕಣಕ.
ನಾದಿ ನಾದಿ ಆ ಕಣಕ ಆಕಳಿಗಿಟ್ಟೆ;
ಮೂಸಿ ಮುಖ ತಿರುವಿತು.
ಇನ್ನೂ ಐತಿ ಉರಿ, ಅಂತ ತಿಳೀತು.

ಬ್ಯಾನಿ ಸುರು ಆಗಿದ್ದು ನಸಕಿನ್ಯಾಗ,
ನೀರಿನ ಪಾಳಿಗೆ ನಿಂತಾಗ. ಕೊಡ ತುಂಬಿಸೇ ಬಂದೆ.
ಮೊದಮೊದಲು ಎಣಿಸಿದೆ:
ಮಾರ್ಕೆಟ್ ಗೇಟಿಗೆ ಲಾರಿ ಬಂದಂಗ
ಒಂದು ಬಂತು, ಹೋತು, ಧೂಳು ಕುಂತಿತು,
ನಡುವ ಮಾತಿಗೆ ಟೈಮ್ ಇತ್ತು, ಅರ್ಧ ರೊಟ್ಟಿಗೂ ಇತ್ತು.
ಮಧ್ಯಾಹ್ನಕ್ಕ ಲಾರಿಗೆ ಲಾರಿ ಹತ್ತಿ ನಿಂತವು.
ಎಣಿಕಿ ಮರತೆ. ಚಾ ಮರತೆ.
ಎಸ್ತೇರಮ್ಮಗ ಏನೇನ ಬೈದೆನೋ,
ಆಕಿ ಈಗೂ ಬಾಯಿ ಬಿಡವಲ್ಲಳು.
ಸೂಜಿ ಕೊಡ್ರಿ ಅಂತನೂ ಅಂದಿದ್ದೆ. ಅದನ್ನ ಮುಚ್ಚಿಡೂದಿಲ್ಲ.
"ಆ ಸೂಜಿ ಇಲ್ಲಿ ಇಲ್ಲವ್ವಾ" ಅಂದ್ಲು,
"ಕೈ ಐತಿ, ಹಿಡಕೋ."

ಆಗ ಬಂದದ್ದು ಕಲತ ಉಸರಲ್ಲ.
ಚೀಲ ಸುರುವಿದಾಗ ಕೆಂಪ ಧೂಳು ಏಳತೈತಲ್ಲ,
ಆಗ ಯಾರೂ ಎದ್ದು ಓಡೂದಿಲ್ಲ;
ಸೆರಗು ಮೂಗಿಗೆ ಹಿಡದು, ಕಣ್ಣು ಸಣ್ಣ ಮಾಡಿ,
ಗುಬ್ಬಿ ನೀರು ಕುಡಿದಂಗ ಇಷ್ಟಿಷ್ಟ ಉಸರು ತಗೊಂಡು
ಧೂಳು ತಾನ ಇಳಿಯೂತನಕ ಕುಂತಿರ್ತೀವಿ,
ಆ ಉಸರು ಬಂತು.
ಎಂಟು ವರ್ಷ ಕೂಲಿ ಜೋಡಿ ಸಿಕ್ಕದ್ದು.
ಮಂಚ ಬ್ಯಾಡ ಅಂದೆ. ಇಳದು ಕುಂತೆ.
ಎಸ್ತೇರಮ್ಮ ನೆಲಕ್ಕ ಚಾದರ ಹಾಸಿ
ತನ್ನ ಮೊಣಕಾಲಿಗೆ ಬೈಕೋತ ಎದುರು ಕುಂತ್ಲು,
ರಾಶಿಯ ಆ ಕಡೆ ಹಜರತಬಿ ಕುಂಡ್ರೂಹಂಗ.

ಆಮ್ಯಾಲ ಸುಟ್ಟಿತು. ಬಳಿ ಹಂಗ ಸುತ್ತೂ ಸುಟ್ಟಿತು.
ಈ ಉರಿ ಗೊತ್ತು ನನಗ, ಅಂದೆ. ಇಲ್ಲಾ ಅಂದೆ ಅಂದ್ಕೊಂಡೆ.
ಗೊತ್ತಿರಲಿಲ್ಲ.

ಹೆಣ್ಣು. ಎರಡು ಕಿಲೋ ಎಂಟನೂರು.
ಎರಡೆರಡು ಸಲ ಕೇಳಿದೆ; ತೂಕದಾಗ ಮೋಸ ನೋಡಿದಾಕಿ.
ಎದಿ ಮ್ಯಾಲ ಹಾಕಿದ್ರು. ಬಿಸಿ, ಜಿಗಿ,
ಒಂದು ಕಣ್ಣು ಅಂಟಿಕೊಂಡಿತ್ತು.
"ಒರಸು" ಅಂದ್ಲು, ತೊಯ್ಸಿದ ಹತ್ತಿ ಕೊಟ್ಟು.
ನಾ ತಡದೆ.
ಬಲಗೈ ಹೆಬ್ಬಟ್ಟು, ತೋರಬೆರಳು,
ತೊಟ್ಟು ಮುರಿಯೂ ಬೆರಳು ಎರಡೂ
ಮೊದಲು ನನ್ನ ಕಣ್ಣಾಗ ತೀಡಿದೆ.
ಎಲ್ಲಾರೂ ಅಳಾಕತ್ತಾಳ ಅಂದ್ಕೊಂಡ್ರು.
ನಾ ಬರೇ ಕಾಯಾಕತ್ತಿದ್ದೆ,
ಒಂದು, ಎರಡು, ಮೂರು,
ಉರಿತೈತೇನು ಅಂತ.